ಅಕ್ಕಿಕಾಳಿನ ಹಾಡು

ಗುರುದೇವಕ್ಕನ ಬಗ್ಗೆ ಬರೆಯಬೇಕೆಂದು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಆಕೆ ಸಮಾಧಾನದ ಹೆಂಗಸು, ಊರಿಗೆಲ್ಲ ಬೇಕಾದವಳು, ಒಬ್ಬರಿಗೆ ಎರಡು ಮಾತು ಆಡಿದವಳಲ್ಲ ಎಂದು ಆರಂಭಿಸಬಹುದಿತ್ತು. ಅದೆಲ್ಲ ನಿಜವೇ. ಆದರೆ ಸಮಾಧಾನದವಳು ಎಂದು ಹೊಗಳುವವರು ಯಾರು ಎಂದು ನೋಡಿದ್ದೇನೆ. ಆಕೆಯ ತಲೆಯ ಮೇಲೆ ಕಾಲಿಟ್ಟು ನಡೆದವರೇ ಹಾಗೆ ಹೊಗಳುತ್ತಾರೆ. ಕಾಲಿಗೆ ಮೆತ್ತಗೆ ಹತ್ತಿದ್ದಕ್ಕೆ ಅವರಿಗೆ ಖುಷಿ.

ರಂಗಂಪೇಟೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನಮ್ಮ ಆರ್ಕೆಸ್ಟ್ರಾ ಇದೆ. ಹೆಸರು ವಿಶ್ವಗಾನ ಮೆಲೋಡೀಸ್. ಇದರಲ್ಲಿರುವ ವಿಶ್ವ ಎಂದರೆ ಜಗತ್ತಲ್ಲ, ನಮ್ಮ ಮಾಲಕ ವಿಶ್ವರಾಧ್ಯ. ಕೀಬೋರ್ಡ್ ಅವನದು, ಸ್ಪೀಕರ್ ಅವನದು, ಸಾಮಾನು ಹೇರುವ ಟಂಟಂ ಅವನದು, ಆದ್ದರಿಂದ ಮಾತೂ ಅವನದೇ. ಮುಖದ ಮುಂದೆ ಮಾಲಕ್ರೇ ಅನ್ನುತ್ತೇನೆ, ಬರೆಯುವಾಗ ಅಷ್ಟು ಮರ್ಯಾದೆ ನನ್ನ ಕೈಯಿಂದ ಆಗುವುದಿಲ್ಲ. ರಿದಮ್ ಪ್ಯಾಡ್ ಬಾರಿಸುವವನು ಅಜರುದ್ದೀನ, ಸಂಬಂಧದಲ್ಲಿ ನನಗೆ ತಮ್ಮನಾಗಬೇಕು. ಹಾಡುವವರು ಗುರುದೇವಕ್ಕ ಮತ್ತು ನಾನು, ಶಾಯಿಸ್ತಾ. ಗಂಡಸರ ಹಾಡುಗಳನ್ನು ವಿಶ್ವರಾಧ್ಯನೇ ಹಾಡುತ್ತಾನೆ. ಅದು ಕೇಳುವವರ ಕರ್ಮ.

ನಮ್ಮದು ಅನ್ನುವ ಒಂದು ಹಾಡೂ ನಮ್ಮ ಹತ್ತಿರ ಇಲ್ಲ. ಯಾರೋ ಬರೆದದ್ದು, ಯಾರೋ ಹಾಡಿದ್ದು, ನಾವು ಲಗ್ನದಲ್ಲಿ, ಜಯಂತಿಯಲ್ಲಿ, ಅಂಗಡಿ ಉದ್ಘಾಟನೆಯಲ್ಲಿ ಮತ್ತೆ ಹಾಡುತ್ತೇವೆ. ಹಾಗಾಗಿ ನಮ್ಮ ತಲೆ ಓಡುವುದು ಹಾಡು ಆರಿಸುವುದರಲ್ಲಿ ಮಾತ್ರ. ಶಹಾಪುರದ ಅಡತಿ ಅಂಗಡಿಯವರ ಮನೆಯಾದರೆ ಹಳೆಯ ಹಿಂದಿ ಹಾಡು ಬೇಕು. ವಡಗೇರಾದ ಹುಡುಗರಿಗೆ ಕುಣಿಯುವಂಥದ್ದು ಬೇಕು. ನಮ್ಮ ಮೊಹಲ್ಲಾದಲ್ಲಿ ಒಂದಾದರೂ ಕವ್ವಾಲಿ ಹಾಡದಿದ್ದರೆ ಊಟಕ್ಕೆ ಕರೆಯುವವರೂ ಮುಖ ತಿರುಗಿಸುತ್ತಾರೆ. ಇದೆಲ್ಲ ನೋಡಿ ಯಾವ ಹಾಡು ಮುಂದೆ, ಯಾವುದು ಹಿಂದೆ, ಯಾವುದು ಯಾರ ಬಾಯಿಗೆ ಎಂದು ವಿಶ್ವರಾಧ್ಯ ಹಂಚುತ್ತಾನೆ.

ಲಗ್ನದ ಮೊದಲ ಹಾಡೊಂದು ಮಾತ್ರ ಎಂದೂ ಬದಲಾಗುವುದಿಲ್ಲ. ಸ್ವಾಮಿಗಳ ಮಂತ್ರ ಮುಗಿದು, ಮಂದಿ ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವಾಗ ಅದು ಶುರುವಾಗಬೇಕು. ಹೋದ ಮನೆ ಬೆಳಗಲಿ, ಬಿಟ್ಟ ಮನೆ ತಣ್ಣಗಿರಲಿ ಎಂದು ಹರಸುವ ಒಂದು ಹಳೆಯ ಸಿನಿಮಾ ಸೋಬಾನೆ ಅದು. ಅದರ ನಿಜವಾದ ಹೆಸರು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅಕ್ಕಿಕಾಳಿನ ಹಾಡು ಅಂದರೆ ಮುಗಿಯಿತು.

ಆ ಹಾಡು ಗುರುದೇವಕ್ಕನದಾಗಿತ್ತು. ಆಕೆ ಬೋನಾಳದ ಕಡೆಯ ಹೆಣ್ಣುಮಗಳು, ಅಪ್ಪನ ಜೊತೆ ಮಠದ ಭಜನೆಯಲ್ಲಿ ಕೂತು ಕಲಿತವಳು. ರಂಗಂಪೇಟೆಗೆ ಸೊಸೆಯಾಗಿ ಬಂದಾಗ ಗಂಡ ನೀಲಕಂಠ ಇದೇ ಆರ್ಕೆಸ್ಟ್ರಾದಲ್ಲಿ ತಬಲಾ ಬಾರಿಸುತ್ತಿದ್ದ. ಹೆಂಡತಿಯನ್ನು ಸ್ಟೇಜ್ ಹತ್ತಿಸುತ್ತೀಯಾ ಎಂದು ಅವನ ತಾಯಿ ಮೂರು ಹೊತ್ತು ಉಪವಾಸ ಕೂತಳಂತೆ. ಕೂತರೆ ಕೂಡ್ರಲಿ, ಹಸಿವಾದರೆ ಉಣ್ಣುತ್ತಾಳೆ ಎಂದು ಅವನು ಹೆಂಡತಿಯನ್ನು ಕರೆದುಕೊಂಡೇ ಹೋದ. ಹಗಲು ಆಕೆ ಸಾಲಿಯಲ್ಲಿ ಬಿಸಿಯೂಟ ಮಾಡುತ್ತಿದ್ದಳು, ಲಗ್ನದ ಸೀಸನ್ನಿನಲ್ಲಿ ಹಾಡುತ್ತಿದ್ದಳು. ಮೈಕಿಲ್ಲದೆ ಹಾಡಿದರೂ ಗಿರಣಿಯ ಸದ್ದನ್ನು ದಾಟಿ ಕೆಳಗೆ ಕೇಳಿಸುವ ದನಿ ಆಕೆಯದು. ಹಿಟ್ಟು ಬೀಸಿಸಲು ಬಂದವರು ಚೀಲ ಕಟ್ಟಿದ ಮೇಲೂ ನಿಂತಿರುತ್ತಿದ್ದರು ಎಂದು ಅಜರುದ್ದೀನ ಹೇಳುತ್ತಾನೆ.

ನೀಲಕಂಠ ಕಾಮಣಿ ರೋಗವಾಗಿ ತೀರಿಕೊಂಡ. ಗುರುದೇವಕ್ಕ ಮತ್ತೆ ಆರ್ಕೆಸ್ಟ್ರಾಕ್ಕೆ ಬಂದಾಗ ಯಾರೂ ಏನೂ ಅನ್ನಲಿಲ್ಲ. ವಿಶ್ವರಾಧ್ಯ ಆಕೆಗೆ ದುಃಖದ ಹಾಡುಗಳನ್ನು ಕೊಟ್ಟ. ಅದರ ಜೊತೆಗೆ ಸಂಜೆ ಗಂಡಸರು ಕುಣಿಯುವಾಗಿನ ಹಾಡುಗಳನ್ನೂ ಕೊಟ್ಟ, ಆ ಸೆರಗು, ಸೊಂಟ, ಬಾ ಹೋಗು ಎನ್ನುವ ಹಾಡುಗಳನ್ನು. ಅಕ್ಕಿಕಾಳಿನ ಹಾಡನ್ನು ಮಾತ್ರ ಕೊಡಲಿಲ್ಲ. ಅದಕ್ಕೆ ಹೊಸಬಳನ್ನು ಹುಡುಕಿ ತಂದ. ಆ ಹೊಸಬಳೇ ನಾನು.

ನನಗೆ ಆಗ ಇದು ತಿಳಿದಿರಲಿಲ್ಲ. ಹೈದರಾಬಾದಿನಿಂದ ಅಮ್ಮಿಯ ಮನೆಗೆ ಬಂದು ಸ್ವಲ್ಪ ದಿನವಾಗಿತ್ತು, ಕೆಲಸ ಬೇಕಿತ್ತು, ಅಜರುದ್ದೀನ ಕರೆದುಕೊಂಡು ಹೋದ. ಒಂದು ಹಾಡು ಹಾಡಿಸಿ ವಿಶ್ವರಾಧ್ಯ ಒಪ್ಪಿಕೊಂಡ. ಗಂಡನ ನೆನಪಿಗೆ ಗುರುದೇವಕ್ಕ ತಾನೇ ಆ ಸೋಬಾನೆ ಬಿಟ್ಟಿರಬೇಕು ಎಂದುಕೊಂಡಿದ್ದೆ. ಹಾಗೆ ಬಿಡುವವರೂ ಇರುತ್ತಾರೆ. ಆಕೆ ನನಗೆ ಉಸಿರು ಎಲ್ಲಿ ತೆಗೆಯಬೇಕು, ಎಲ್ಲಿ ಎಳೆಯಬಾರದು ಎಂದು ಪಕ್ಕದಲ್ಲಿ ಕೂತು ಕಲಿಸಿದಳು. ತನ್ನ ಬಾಯಿಂದ ಕಿತ್ತುಕೊಂಡದ್ದನ್ನು ತಾನೇ ನನ್ನ ಬಾಯಿಗೆ ಇಟ್ಟಳು. ಈಗ ಅದನ್ನು ನೆನೆದರೆ ಆಕೆಯ ಮೇಲೂ ಸಿಟ್ಟು ಬರುತ್ತದೆ.

ಹೋದ ವರ್ಷ ಆಕೆಯ ಒಬ್ಬಳೇ ಮಗಳು ದಾನೇಶ್ವರಿಯ ಲಗ್ನ ಗೊತ್ತಾಯಿತು. ಗಂಡು ವಡಗೇರಾದವನು, ಬಸ್ ಡಿಪೋದಲ್ಲಿ ಕೆಲಸ. ಲಗ್ನ ಶಹಾಪುರದ ಕಲ್ಯಾಣ ಮಂಟಪದಲ್ಲಿ. ನೀಲಕಂಠನ ಮಗಳ ಲಗ್ನಕ್ಕೆ ಕಾರ್ಯಕ್ರಮ ನಮ್ಮ ಕಡೆಯಿಂದ ಎಂದು ವಿಶ್ವರಾಧ್ಯ ದೊಡ್ಡ ಮನಸ್ಸು ಮಾಡಿದ. ಒಂದು ಭಾನುವಾರ ಮಧ್ಯಾಹ್ನ ಹಾಡು ಆರಿಸಲು ಎಲ್ಲರೂ ಕೋಣೆಯಲ್ಲಿ ಕೂತೆವು. ತಿನ್ನಲು ಸುಸಲಾ, ಮಿರ್ಚಿ ಬಂದವು. ಗಿರಣಿ ಬಂದ್ ಇದ್ದುದರಿಂದ ಮಾತು ಸರಿಯಾಗಿ ಕೇಳಿಸುತ್ತಿತ್ತು. ಊಟದ ಹೊತ್ತಿಗೆ ಯಾವುದು, ಬೀಗರು ಬಂದಾಗ ಯಾವುದು, ಮದುಮಗನ ಗೆಳೆಯರಿಗೆ ಯಾವುದು ಎಂದು ನಗುತ್ತಾ ಆರಿಸಿದೆವು. ಗುರುದೇವಕ್ಕನೂ ನಕ್ಕಳು. ಆಕೆ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆ ನಗುವಿನಲ್ಲೇ ಆಕೆ ಬಾಯಿ ಬಿಟ್ಟು ಕೇಳಿದಳು.

“ಅಕ್ಕಿಕಾಳಿಂದು ನಾ ಹಾಡ್ತೀನ್ರಿ ಮಾಲಕ್ರ. ನನ್ನ ಮಗಳ ಲಗ್ನ ಅದ.”

ವಿಶ್ವರಾಧ್ಯ ಕೈಯಲ್ಲಿದ್ದ ಮಿರ್ಚಿಯನ್ನು ಕಾಗದದ ಮೇಲೆ ಇಟ್ಟ. ಆಮೇಲೆ ಬಹಳ ಮೆತ್ತಗೆ, ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದ.

“ನಿನಗ ತಿಳೀದಿದ್ದೇನ್ ಅದ ಗುರುದೇವಿ. ಬೀಗರು ಮಂದಿ ಏನ್ ಅಂತಾರ. ಹುಡುಗಿಗಿ ಒಳ್ಳೇದಾಗಬೇಕಲ್ಲ. ಅದೊಂದು ಮುತ್ತೈದಿ ಬಾಯಾಗ ಬರಲಿ. ಶಾಯಿಸ್ತಾ ಹಾಡ್ತಾಳ.”

ಅಂಗಾಲಿನ ಉರಿ ನೆತ್ತಿಗೇರುತ್ತದೆ ಅನ್ನುತ್ತಾರಲ್ಲ, ಆವತ್ತು ಅದು ನನಗೆ ಗೊತ್ತಾಯಿತು. ಇದಕ್ಕೇ ನನ್ನನ್ನು ತಂದದ್ದು. ದನಿ ಚೆನ್ನಾಗಿದೆ ಎಂದಲ್ಲ. ನನಗೆ ಗಂಡ ಇದ್ದಾನೆ ಎಂದು. ಗಂಡ ಎಲ್ಲಿ ಎಂದು ಓಣಿಯವರು ಕೇಳಿದರೆ ಅಮ್ಮಿ ಹೈದರಾಬಾದಿನಲ್ಲಿ ಎಂದಷ್ಟೇ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಕಟ್ಟಡದ ಮೇಲೆ ಸೆಂಟ್ರಿಂಗ್ ಕೆಲಸ ಮಾಡುವಾಗ ಬಿದ್ದು ಸತ್ತ, ಅಲ್ಲೇ ದಫನ್ ಮಾಡಿದೆವು, ಅಲ್ಲೇ ಇದ್ದಾನೆ. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನ ಮುಗಿಸಿಕೊಂಡು ನಾನು ತವರಿಗೆ ಬಂದೆ. ಆರ್ಕೆಸ್ಟ್ರಾದಲ್ಲಿ ಯಾರೂ ಕೇಳಲಿಲ್ಲ, ಕೇಳದ್ದನ್ನು ನಾನೇ ಡಂಗುರ ಹೊಡೆಯಲಿಲ್ಲ.

“ಮಾಲಕ್ರ, ನನ್ನ ಗಂಡನೂ ಸತ್ತಾನ್ರಿ,” ಎಂದೆ.

ಅಜರುದ್ದೀನ ತಲೆ ಕೆಳಗೆ ಹಾಕಿದ. ಗುರುದೇವಕ್ಕ ನನ್ನ ಕೈ ಹಿಡಿದುಕೊಂಡಳು. ವಿಶ್ವರಾಧ್ಯ ನನ್ನ ಹಣೆ ನೋಡಿದ, ಕೊರಳು ನೋಡಿದ, ಕೈ ನೋಡಿದ. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರೂ ಅಷ್ಟು ನೋಡುವುದಿಲ್ಲ. ಪಾಪ ಎನ್ನಲಿಲ್ಲ, ಯಾವಾಗ ಎನ್ನಲಿಲ್ಲ. ಲೆಕ್ಕ ಹಾಕಿದ.

“ನಿಮ್ಮದು ಬ್ಯಾರೆ ಬಿಡು ತಂಗಿ. ನಿಮ್ಮೊಳಗ ಕುಂಕುಮ ಇಲ್ಲ. ಮಂದಿಗಿ ಕಾಣೂದಿಲ್ಲ. ನಡೀತದ.”

ನಡೆಯುತ್ತದಂತೆ. ನಮ್ಮಲ್ಲೂ ಗಂಡ ಸತ್ತರೆ ಕೊರಳಿನ ಕರಿಮಣಿ ಲಚ್ಚಾ ತೆಗೆಯುತ್ತಾರೆ, ಬಳೆ ತೆಗೆಯುತ್ತಾರೆ. ನನ್ನ ಬಳೆಯನ್ನು ನನ್ನ ಅತ್ತೆಯೇ ಅಳುತ್ತಾ ತೆಗೆದಳು. ಆದರೆ ಅದನ್ನು ಇವರು ಎಲ್ಲಿ ನೋಡಿದ್ದಾರೆ, ನೋಡುವ ಕಣ್ಣು ಎಲ್ಲಿದೆ. ಹಣೆ ಬರಿದಾಗಿ ಕಂಡರೆ ಮಾತ್ರ ಅಪಶಕುನ. ಕಾಣದಿದ್ದರೆ ಎಷ್ಟು ಗಂಡಂದಿರು ಸತ್ತರೂ ನಡೆಯುತ್ತದೆ. ಅಷ್ಟು ದಿನ ನಾನು ಹಾಡಿದ ಲಗ್ನಗಳೆಲ್ಲ ಏನಾದವು? ಹಾಗಾದರೆ ಆ ಮದುಮಕ್ಕಳ ಮನೆಯೆಲ್ಲ ಹಾಳಾಗಬೇಕಿತ್ತು. ಯಾರ ಮನೆಯೂ ಹಾಳಾಗಿಲ್ಲ, ಕೆಲವರು ತೊಟ್ಟಿಲಿಗೂ ನಮ್ಮನ್ನೇ ಕರೆದು ಹಾಡಿಸಿದ್ದಾರೆ.

ಇನ್ನೂ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಈ ವಿಶ್ವರಾಧ್ಯ ಸ್ಟೇಜ್ ಮೇಲೆ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು, ಹಾಡು ಹಾಡಿನ ನಡುವೆ ಶರಣರ ಮಾತು ಹೇಳುತ್ತಾನೆ. ಶರಣರು ಸೂತಕ ಇಲ್ಲ ಅಂದರು, ಹೆಣ್ಣು ಗಂಡು ಒಂದೇ ಅಂದರು ಎಂದು ಇದೇ ಬಾಯಿಂದ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುತ್ತಾನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಗಂಡ ಸತ್ತವಳ ಬಾಯಲ್ಲಿ ಸೊಂಟದ ಹಾಡು ಬರಬಹುದು, ಹರಸುವ ಹಾಡು ಬರಬಾರದು. ಇದು ಯಾವ ಶರಣರು ಹೇಳಿದ್ದು ಎಂದು ಕೇಳಿದೆ. ನೀನು ಇನ್ನೂ ಸಣ್ಣಾಕಿ, ತಿಳಿಯೋದಿಲ್ಲ ಎಂದ. ನಾನು ಆ ಹಾಡು ಹಾಡುವುದಿಲ್ಲ ಎಂದು ಎದ್ದು ಬಂದೆ.

ಗುರುದೇವಕ್ಕ ಹಿಂದೆಯೇ ಬಂದು ಮೆಟ್ಟಿಲ ಮೇಲೆ ನನ್ನನ್ನು ತಡೆದಳು. ಆಕೆಯಾದರೂ ನನ್ನ ಪಕ್ಷ ಇರುತ್ತಾಳೆ ಎಂದುಕೊಂಡಿದ್ದೆ. ಆಕೆ ನನಗೇ ಸಮಾಧಾನ ಹೇಳಿದಳು.

“ನೀನ ಹಾಡಿಬಿಡು ಶಾಯಿಸ್ತಾ. ಬಾಯಿ ಚಟಕ್ಕ ಕೇಳೀನಿ, ಅದೇನ್ ದೊಡ್ಡದಲ್ಲ. ನಾ ಹಾಡಿದ್ನೆಂದ್ರ ನಾಳಿ ಆ ಮನ್ಯಾಗ ಒಂದಿನ ಹಾಲು ಒಡದ್ರೂ ಅವ್ವನ ಹಾಡಿಂದ ಒಡೀತು ಅಂತಾರ. ಅದನ್ನ ಕೇಳ್ಕೋತ ಬಾಳಬೇಕಾದಾಕಿ ನನ್ನ ಮಗಳು.”

ಆಕೆಯ ಮಾತು ತಪ್ಪಾಗಿದ್ದರೆ ಜಗಳ ಮಾಡಬಹುದಿತ್ತು. ತಪ್ಪಾಗಿರಲಿಲ್ಲ, ಅಂಥ ಮನೆಗಳು ಇವೆ. ಹಾಡಿದರೆ ಮಗಳಿಗೆ ಮಾತು, ಹಾಡದಿದ್ದರೆ ಆಕೆಯ ಹೊಟ್ಟೆಯೊಳಗಿನ ಬೆಂಕಿ ಆಕೆಗೆ. ನನ್ನ ಕೈಯಲ್ಲಿ ಇದ್ದದ್ದು ಒಂದೇ, ನಾನು ಹಾಡದೆ ಇರುವುದು. ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಲಗ್ನಕ್ಕೆ ಬಂದೇ ಬರುತ್ತೇನೆ ಎಂದೆ. ಬಂದರೆ ಹಾಡುತ್ತಾಳೆ ಎಂದು ಎಲ್ಲರೂ ತಿಳಿದುಕೊಂಡರು.

ಶಹಾಪುರದ ಮಂಟಪದಲ್ಲಿ ಆವತ್ತು ಗುರುದೇವಕ್ಕನನ್ನು ಹುಡುಕಬೇಕಾಯಿತು. ಮಗಳ ಲಗ್ನದಲ್ಲಿ ತಾಯಿ ಅಡುಗೆಯವರ ಹತ್ತಿರ ನಿಂತಿದ್ದಳು, ಗೋಧಿ ಹುಗ್ಗಿಗೆ ತುಪ್ಪ ಸಾಕೋ ಬೇಕೋ ನೋಡುತ್ತಾ. ಹೊಸ ಸೀರೆ ಉಟ್ಟಿದ್ದಳು, ಅದರ ಮೇಲೆ ಹಳೆಯ ಟವೆಲ್ ಹಾಕಿಕೊಂಡಿದ್ದಳು. ಆರತಿಯನ್ನು ಆಕೆಯ ನಾದಿನಿ ಮಾಡಿದಳು, ಕಂಕಣ ಇನ್ಯಾರೋ ಕಟ್ಟಿದರು. ಮಂಟಪದ ಎಲ್ಲ ಕಾರುಬಾರು ಮದುಮಗನ ಅತ್ತೆ ಶಿವಬಸಮ್ಮನದು. ಅವನ ತಂದೆಯ ಅಕ್ಕ ಆಕೆ. ಕೈ ತುಂಬ ಬಳೆ, ಬಾಯಿ ತುಂಬ ಅಪ್ಪಣೆ. ಮುತ್ತೈದೆಯರು ಈ ಕಡೆ, ಉಳಿದವರು ಆ ಕಡೆ ಎಂದು ಆಕೆ ಹೆಂಗಸರನ್ನು ಬೇರೆ ಮಾಡುತ್ತಿದ್ದಳು. ನನ್ನನ್ನು ನೋಡಿ, ನೀ ಹಾಡಾಕಿ ಅಲ್ಲೇನವ್ವಾ, ಈ ಕಡೀ ಬಾ ಎಂದಳು.

ಸ್ವಾಮಿಗಳ ಮಂತ್ರ ಮುಗಿಯಿತು. ವಿಶ್ವರಾಧ್ಯ ಕೀಬೋರ್ಡಿನಲ್ಲಿ ಹಾಡಿನ ಮುಂಚಿನ ಬಾಜಾ ಎತ್ತಿದ. ನಾನು ಮೈಕ್ ಹಿಡಿದು ನಿಂತೆ. ನನ್ನ ಜಾಗ ಬಂತು, ನಾನು ಬಾಯಿ ತೆರೆಯಲಿಲ್ಲ. ಅವನು ಮತ್ತೆ ಮೊದಲಿನಿಂದ ಬಾರಿಸಿದ. ಮತ್ತೆ ನನ್ನ ಜಾಗ ಬಂತು. ಮಂದಿ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ನಮ್ಮ ಕಡೆ ನೋಡತೊಡಗಿದರು. ನಾನು ಮೈಕನ್ನು ಕುರ್ಚಿಯ ಮೇಲೆ ಇಟ್ಟು, ಹಾಡುವಾಕಿ ಒಳಗೆ ಇದ್ದಾಳೆ, ಕರೆಯಿರಿ ಎಂದು ಅವನಿಗಷ್ಟೇ ಕೇಳುವಂತೆ ಹೇಳಿದೆ. ಶಿವಬಸಮ್ಮ ಸ್ಟೇಜ್ ಹತ್ತಿರ ಬಂದು ಏನಾಯಿತು ಎಂದು ಕೇಳಿದಳು. ಗಂಟಲು ಕಟ್ಟಿದೆ ಎಂದ ವಿಶ್ವರಾಧ್ಯ.

ಆಮೇಲೆ ಅವನು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕಿಸೆಯಿಂದ ಮೊಬೈಲ್ ತೆಗೆದು, ಮಿಕ್ಸರಿನ ವೈರ್ ಅದಕ್ಕೆ ಚುಚ್ಚಿ, ಒಂದು ರೆಕಾರ್ಡಿಂಗ್ ಹಚ್ಚಿದ. ಅದೇ ಅಕ್ಕಿಕಾಳಿನ ಹಾಡು. ಹಿಂದೆ ಯಾದಗಿರಿಯ ಒಂದು ಲಗ್ನದಲ್ಲಿ ಅಜರುದ್ದೀನ ತನ್ನ ಫೋನಿನಲ್ಲಿ ತೆಗೆದದ್ದಂತೆ. ಹಾಡಿದವಳು ಗುರುದೇವಕ್ಕ, ತಬಲಾ ನೀಲಕಂಠನದು.

ಮಂಟಪದ ತುಂಬ ಆಕೆಯ ದನಿ ಹರಡಿತು. ಮಂದಿ ಅಕ್ಕಿಕಾಳು ಹಾಕಿದರು. ಸ್ವಾಮಿಗಳು ಕಣ್ಣು ಮುಚ್ಚಿ ತಲೆಯಾಡಿಸಿದರು. ಶಿವಬಸಮ್ಮನ ಮುಖ ಅರಳಿ, ಯಾವ ಪುಣ್ಯವಂತಿ ಹಾಡಿದ್ದೋ ಏನೋ, ಮುತ್ತೈದೆಯ ದನಿ ಅಂದರೆ ಹೀಗಿರಬೇಕು ಎಂದು ಪಕ್ಕದವಳಿಗೆ ಹೇಳಿದಳು. ನನಗೆ ಆ ಸ್ಪೀಕರನ್ನು ಎತ್ತಿ ಕೆಳಗೆ ಕುಕ್ಕಬೇಕು ಅನಿಸಿತು. ಗಂಡ ಇದ್ದಾಗಿನ ದನಿಯನ್ನು ಉಪ್ಪಿನಕಾಯಿಯ ಹಾಗೆ ಎತ್ತಿಟ್ಟುಕೊಂಡಿದ್ದಾರೆ, ಹಾಡಿದವಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿದ್ದಾರೆ. ಹೆಂಗಸು ಬೇಡ, ಆಕೆಯ ಹಾಡು ಮಾತ್ರ ಬೇಕು. ಈ ಬುದ್ಧಿ ಯಾವ ಶತ್ರುವಿಗೂ ಬರುವುದಿಲ್ಲ, ನಮ್ಮವರಿಗೇ ಬರುತ್ತದೆ.

ಅಷ್ಟರಲ್ಲಿ ಗುರುದೇವಕ್ಕ ಅಡುಗೆಮನೆಯ ಬಾಗಿಲಿಗೆ ಬಂದಳು. ತನ್ನ ದನಿಗೆ ಆಕೆ ಬಂದಳೆಂದು ನನಗೆ ಅನಿಸುವುದಿಲ್ಲ, ತಬಲಾ ಕೇಳಿ ಬಂದಳು. ಸತ್ತ ಗಂಡ ಮಗಳ ಲಗ್ನದಲ್ಲಿ ಬಾರಿಸುತ್ತಿದ್ದ. ಅವನಿಗೆ ಯಾರೂ ತಡೆ ಹಾಕಿರಲಿಲ್ಲ. ಸತ್ತವನು ಬರಬಹುದು, ಬದುಕಿರುವವಳು ಬರಬಾರದು. ಆಕೆ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಮೈಮೇಲಿನ ಟವೆಲ್ ತೆಗೆದು ಬಾಗಿಲಿಗೆ ಹಾಕಿ, ಮಂದಿಯ ನಡುವೆ ದಾರಿ ಮಾಡಿಕೊಂಡು ಸ್ಟೇಜ್ ಹತ್ತಿದಳು. ವಿಶ್ವರಾಧ್ಯ ಕೈ ಅಡ್ಡ ಹಿಡಿದ. ಆಕೆ ಆ ಕೈಯನ್ನು ಸರಿಸಿ ಮೊಬೈಲಿನ ವೈರ್ ಕಿತ್ತಳು.

ಮೊದಲ ಚರಣ ಮುಗಿದು ಎರಡನೆಯದು ಶುರುವಾಗಿತ್ತಷ್ಟೇ. ಆಕೆ ಮೈಕ್ ಎತ್ತಿಕೊಂಡು, ಹಾಡು ಯಾವ ಮಾತಿಗೆ ಕಡಿದಿತ್ತೋ ಅದೇ ಮಾತಿನಿಂದ ಹಿಡಿದಳು. ಅಜರುದ್ದೀನ ಯಾರ ಮುಖವನ್ನೂ ನೋಡದೆ ಪ್ಯಾಡಿನ ಮೇಲೆ ಕೈ ಹಾಕಿದ. ಅರ್ಧ ಮಂದಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಅಕ್ಕಿಕಾಳು ಬೀಳುತ್ತಲೇ ಇದ್ದವು. ಶಿವಬಸಮ್ಮ ಕೂಡ ಹಾಕಿದಳು, ನಾನು ಕಣ್ಣಾರೆ ನೋಡಿದೆ. ಎರಡನೇ ಚರಣ ಮುಗಿಯುವಾಗ ಯಾರೋ ಆಕೆಯ ಕಿವಿಯಲ್ಲಿ ಊದಿದರು. ಆಗ ಆಕೆ ತಿರುಗಿ ನೋಡಿದಳು, ಗುರುದೇವಕ್ಕನ ಬರಿ ಹಣೆ ಕಂಡಳು.

ನಿಲ್ಲಿಸಿರಿ, ಲಗ್ನದಲ್ಲಿ ಇದೇನು ಎಂದು ಶಿವಬಸಮ್ಮ ಗದರಿದಳು. ಗುರುದೇವಕ್ಕ ಹಾಡು ನಿಲ್ಲಿಸಿದಳು, ಮೈಕ್ ಕೆಳಗಿಡಲಿಲ್ಲ. ಶಿವಬಸಮ್ಮನ ಕಡೆ ತಿರುಗಿದಳು.

“ಬೀಗ್ತಿಯವರ, ಮೊದಲನೇ ಚರಣ ಹಾಡಿದಾಕೀನೂ ನಾನ. ಅವಾಗ ನನ್ನ ಗಂಡ ಇದ್ದ. ಎರಡನೇದು ಹಾಡಿದಾಕೀನೂ ನಾನ. ಈಗ ಅವ ಇಲ್ಲ. ಎರಡಕ್ಕೂ ನೀವು ಅಕ್ಕಿಕಾಳು ಹಾಕೀರಿ. ಯಾವ ಅಕ್ಷರಕ್ಕ ಕೆಟ್ಟಿತು, ಅದೊಂದು ಹೇಳ್ರಿ. ಅಲ್ಲಿಗೇ ಬಿಟ್ಟು ಇಳೀತೀನಿ.”

ಶಿವಬಸಮ್ಮ ಸ್ವಾಮಿಗಳ ಮುಖ ನೋಡಿದಳು. ಸ್ವಾಮಿಗಳು ತಮ್ಮ ವಾಚ್ ನೋಡಿಕೊಂಡರು. ವಿಶ್ವರಾಧ್ಯ ಕಿತ್ತ ವೈರನ್ನು ಕೈಯಲ್ಲಿ ಹಿಡಿದು, ಅದನ್ನು ಎಲ್ಲಿ ಚುಚ್ಚಬೇಕೋ ತಿಳಿಯದೆ ನಿಂತಿದ್ದ. ಮದುಮಗ ನೆಲ ನೋಡುತ್ತಿದ್ದ. ಒಳಗೆ ಒಲೆಯ ಮೇಲೆ ಹುಗ್ಗಿ ತಳ ಹಿಡಿದ ವಾಸನೆ ಬಂತು, ಅದನ್ನು ನೋಡಲೂ ಯಾರೂ ಹೋಗಲಿಲ್ಲ.

ಆಗ ಬಾಸಿಂಗ ಕಟ್ಟಿಕೊಂಡು ಕೂತಿದ್ದ ದಾನೇಶ್ವರಿ ತಲೆ ಎತ್ತಿದಳು. ಲಗ್ನ ಗೊತ್ತಾದ ದಿನದಿಂದ ಆ ಹುಡುಗಿ ದೊಡ್ಡವರ ಎದುರು ಒಂದು ಮಾತು ಆಡಿರಲಿಲ್ಲ.

“ಅವ್ವಾ, ಇನ್ನೊಂದು ಚರಣ ಅದ,” ಎಂದಳು. “ಹಾಡು.”

ಗುರುದೇವಕ್ಕ ಹಾಡಿದಳು. ನಾನು ಇನ್ನೊಂದು ಮೈಕ್ ತೆಗೆದುಕೊಂಡು ಆಕೆಯ ಪಕ್ಕ ಹೋಗಿ ನಿಂತೆ. ಗಂಡ ಸತ್ತ ಇಬ್ಬರು ಸೇರಿ ಮೂರನೇ ಚರಣ ಪೂರ್ತಿ ಹಾಡಿದೆವು. ಬೇಕಾದವರು ಅಕ್ಕಿಕಾಳು ಹಾಕಿದರು, ಬೇಡವಾದವರು ಊಟಕ್ಕೆ ಹೋದರು.